ಆ ಮೂರು ಕೋಟಿ ಬಂದಿದ್ದು ಎಲ್ಲಿಂದ?

ತುಮಕೂರು ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "15 ವರ್ಷದಿಂದ ರಕ್ತದಾನ ಶಿಬಿರ ನಡೆಸುತ್ತಿದ್ದೇನೆ. ನಮ್ಮಲ್ಲಿ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಸಿಗುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಸರ್ಕಾರದ ಸಮೀಕ್ಷೆಯೂ ಶೇ. 0.95 ಅನ್ನುತ್ತದೆ. ನೀವು ನೋಡಿದರೆ ಕಳೆದ ಸಂಚಿಕೆಯಲ್ಲಿ ದೇಶದ ಮೂರು ಕೋಟಿ ಜನರಿಗಿದೆ ಎಂದು ಬರೆದಿದ್ದೀರಿ. ಅಂದರೆ ನೂರಕ್ಕೆ ಇಬ್ಬರು. ಯಾವುದು ನಿಜ? ಸುಮ್ನೆ ಜನರನ್ನು ಹೆದರಿಸುವುದು ಸರಿಯೇ?"

ನಮಸ್ಕಾರ ಸರ್. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಭಾರತದಲ್ಲಿ 2022ರಲ್ಲಿ 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಲಿವರ್‌ಗೇ ತಗಲುವ ಇನ್ನೊಂದು ವೈರಸ್ ಸೋಂಕಾದ ಹೆಪಟೈಟಿಸ್ ಸಿ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಅಂದಾಜು ಮಾಡಿದೆ. ನಾವು 'ಅಂದಾಜು' ಎಂಬ ಪದವನ್ನೇ ಬಿಟ್ಟೆವು. ಇಡೀ ಲೆಕ್ಕ ನಿಂತಿರುವುದೇ ಆ ಪದದ ಮೇಲೆ.

ಮೂರು ಕೋಟಿ ಜನರನ್ನು ಯಾರೂ ಒಬ್ಬೊಬ್ಬರಾಗಿ ಎಣಿಸಿಲ್ಲ. ಈ ವೈರಸ್ ಲಿವರ್‌ನಲ್ಲಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತಿರಬಲ್ಲದು. ಕಣ್ಣು ಹಳದಿಯಾಗುವುದಿಲ್ಲ, ಕಾಮಾಲೆಗೆ ನಾಟಿ ಔಷಧಿ ಹುಡುಕಿ ಹೋಗುವ ಸಂದರ್ಭವೂ ಬರುವುದಿಲ್ಲ. ಅದೇ ವರದಿಯ ಪ್ರಕಾರ ಭಾರತದಲ್ಲಿ ಹೆಪಟೈಟಿಸ್ ಬಿ ಇರುವವರಲ್ಲಿ ಪತ್ತೆಯಾದವರು ಬರೀ ಶೇ. 2.4. ಹಾಗಾಗಿ ಆಸ್ಪತ್ರೆಯ ದಾಖಲೆ ಕೂಡಿಸಿದರೆ ಏನೂ ತಿಳಿಯುವುದಿಲ್ಲ. ಕೆಲವರ ರಕ್ತ ನೋಡಿ ಎಲ್ಲರ ಬಗ್ಗೆ ಹೇಳಬೇಕು.

ಆ ಕೆಲವರು ಯಾರು ಅನ್ನುವುದೇ ಪ್ರಶ್ನೆ. ನಿಮ್ಮ ಶಿಬಿರದ ಲೆಕ್ಕ ಸುಳ್ಳಲ್ಲ ಸರ್. ಆದರೆ ಅಲ್ಲಿಗೆ ಬರುವವರು ತಾವು ಆರೋಗ್ಯವಾಗಿದ್ದೇವೆ ಎಂದು ನಂಬಿದವರು. ಹೆಚ್ಚಿನವರು ಗಂಡಸರು. ಕಾಮಾಲೆ ಬಂದಿತ್ತಾ ಎಂದು ಫಾರಂನಲ್ಲೇ ಕೇಳುತ್ತೀರಿ. ಒಮ್ಮೆ ಪಾಸಿಟಿವ್ ಬಂದವರು ಮತ್ತೆ ಬರುವುದಿಲ್ಲ, ಪ್ರತಿ ಸಲ ಕೊಡುವ ಅದೇ ಮುಖಗಳು ಉಳಿಯುತ್ತವೆ. ಒನೆದಿಟ್ಟ ಅಕ್ಕಿಯಲ್ಲಿ ಕಲ್ಲು ಕಡಿಮೆಯೇ ಇರುತ್ತದೆ, ಅಲ್ವಾ?

ಶೇ. 0.95 ಇದಕ್ಕಿಂತ ಎಷ್ಟೋ ಗಟ್ಟಿ. ಅದು ಬಂದಿದ್ದು 2015-16ರ ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೆಗೆದ ರಕ್ತದಿಂದ. ಅಲ್ಲಿ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ, ಯಾರೂ ತಾವಾಗಿ ಬಂದು ಸೇರುವಂತಿಲ್ಲ. ಆದರೂ ಅದು ಹೋಗುವುದು ಮನೆಗಳಿಗೆ. ಜೈಲಿನಲ್ಲಿರುವವರು, ಫುಟ್‌ಪಾತ್‌ನಲ್ಲಿ ಮಲಗುವವರು ಲೆಕ್ಕಕ್ಕೆ ಸಿಗುವುದಿಲ್ಲ. ಸೂಜಿ ಹಂಚಿಕೊಂಡು ಮಾದಕವಸ್ತು ಚುಚ್ಚಿಕೊಳ್ಳುವವರಲ್ಲಿ ಹೆಪಟೈಟಿಸ್ ಸಿ ಜಾಸ್ತಿ. ಅಂಥವರೇ ತಪ್ಪಿಹೋದರೆ ಲೆಕ್ಕ ಇಳಿಯುತ್ತದೆ. ಇನ್ನೊಂದು, ಇಂಥ ಸಮೀಕ್ಷೆಯಲ್ಲಿ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ, ಆಮೇಲೆ ನೆನೆಸಿ ಪರೀಕ್ಷಿಸುತ್ತಾರೆ. ರಕ್ತ ತೆಳುವಾಗುವುದರಿಂದ ವೈರಸ್ ಕಡಿಮೆ ಇರುವವರು ಕಣ್ಣು ತಪ್ಪಿಸಬಹುದು.

ಲೆಕ್ಕ ಹೆಚ್ಚಾಗುವ ದಾರಿಯೂ ಇದೆ. ಸಾವಿರ ಜನರಲ್ಲಿ 10 ಜನರಿಗೆ ನಿಜಕ್ಕೂ ಸೋಂಕಿದೆ ಎನ್ನಿ. ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರನ್ನು ಕಿಟ್ ತಪ್ಪಾಗಿ ಪಾಸಿಟಿವ್ ಅಂದರೂ ಇನ್ನೂ 10 ಜನ ಸೇರುತ್ತಾರೆ. ಒಂದೇ ಏಟಿಗೆ ಲೆಕ್ಕ ದುಪ್ಪಟ್ಟು! ರೋಗ ಅಪರೂಪವಾದಷ್ಟೂ ಈ ಕಾಟ ಜಾಸ್ತಿ. ಹೆಪಟೈಟಿಸ್ ಸಿಯಲ್ಲಿ ಮತ್ತೊಂದು ತೊಡಕಿದೆ. ಸೋಂಕು ವಾಸಿಯಾದ ಮೇಲೂ ರಕ್ತದಲ್ಲಿ ಆಂಟಿಬಾಡಿ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ, ಉಳಿಯುತ್ತದೆ. ಈಜಿಪ್ಟ್‌ನಲ್ಲಿ 2015ರ ಸಮೀಕ್ಷೆ ಮಾಡಿದಾಗ 15ರಿಂದ 59 ವಯಸ್ಸಿನವರಲ್ಲಿ ಆಂಟಿಬಾಡಿ ಇದ್ದವರು ಶೇ. 10, ವೈರಸ್ಸೇ ಇದ್ದವರು ಶೇ. 7. ಯಾವುದನ್ನು ಅಚ್ಚು ಹಾಕಿದಿರಿ ಅನ್ನುವುದರ ಮೇಲೆ ಸುದ್ದಿಯೇ ಬದಲಾಗುತ್ತದೆ.

ಸರಾಸರಿಯೂ ಎಷ್ಟೋ ಮುಚ್ಚಿಡುತ್ತದೆ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸರ್ಕಾರದಿಂದ ಸಿಗುವಂತಾಗಿದ್ದು 2011ರಲ್ಲಿ. ಲಸಿಕೆ ಬಿದ್ದ ಮಕ್ಕಳನ್ನೂ ನನ್ನಂಥ ಹಳಬರನ್ನೂ ಕಲಸಿ ಒಂದೇ ಅಂಕಿ ಹೇಳಿದರೆ ಯಾರ ಬಗ್ಗೆಯೂ ಸರಿಯಾಗಿ ಹೇಳಿದಂತಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇಂಥ ಹಲವು ಸಮೀಕ್ಷೆಗಳನ್ನು ಗಣಿತದಲ್ಲಿ ಹೆಣೆದು ಅಂಕಿ ಕೊಡುತ್ತದೆ. ಶೇ. 0.95 ಹಿಡಿದರೆ 140 ಕೋಟಿಯಲ್ಲಿ ಸುಮಾರು 1.33 ಕೋಟಿ. ನಿಜ ಈ 1.33 ಕೋಟಿಗೂ ಆ 2.98 ಕೋಟಿಗೂ ನಡುವೆ ಎಲ್ಲೋ ಇದೆ ಎಂದು ನನಗನಿಸುತ್ತದೆ. ಇನ್ನು ಮುಂದೆ ಎರಡನ್ನೂ ಅಚ್ಚು ಹಾಕುತ್ತೇವೆ. ಹೆದರಿಸುವ ಉದ್ದೇಶ ಇರಲಿಲ್ಲ. ಆದರೆ ಚಿಕ್ಕ ಅಂಕಿಯೂ ಚಿಕ್ಕದಲ್ಲ ಸರ್. 2011ರ ಜನಗಣತಿಯಲ್ಲಿ ಇಡೀ ಬೆಂಗಳೂರು ನಗರ ಜಿಲ್ಲೆಯಲ್ಲಿದ್ದದ್ದು 96 ಲಕ್ಷ ಜನ.

ಒಂದು ಕೋರಿಕೆ. ನಿಮ್ಮ ರಿಜಿಸ್ಟರಿನಲ್ಲಿ ಮೊದಲ ಸಲ ರಕ್ತ ಕೊಟ್ಟವರನ್ನು ಬೇರೆ ಮಾಡಿ ಲೆಕ್ಕ ಹಾಕಿ ಕಳಿಸುತ್ತೀರಾ? ಹೆಸರುಗಳು ಬೇಡ. ಜೊತೆಗೆ, ಪಾಸಿಟಿವ್ ಬಂದವರಿಗೆ ಸುದ್ದಿ ಮುಟ್ಟಿತೇ, ಅವರು ಆಮೇಲೆ ಡಾಕ್ಟರ ಹತ್ತಿರ ಹೋದರೇ, ಅದನ್ನೂ ವಿಚಾರಿಸಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ಕೇಳಲು ಅವರಿಗೆ ಹೇಳಿ.