ಇಂಗ್ಲೆಂಡಿನ ಹಳೇ ಸಮಾಧಿ ಕಲ್ಲುಗಳನ್ನು ಓದಿ ಒಂದು ಮನೆತನದ ಕಥೆ ಹುಡುಕಲು ಆಗುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಯಾರ್ಕ್‌ಷೈರ್‌ಗೆ ಬಂದು ನೆಲೆಸಿದ್ದೀರಿ. ಪಕ್ಕದ ಮನೆಯ ಅಜ್ಜಿಯ ಹಿರಿಯರನ್ನೆಲ್ಲ ಊರಿನ ಹಳೇ ಚರ್ಚಿನ ಅಂಗಳದಲ್ಲೇ ಹೂಳಿದ್ದಾರೆ. ಅವರಿಗೆ ಈಗ ಓಡಾಡೋಕೆ ಕಷ್ಟ, ಕಣ್ಣೂ ಮಂಜು. ಕಲ್ಲುಗಳನ್ನು ಓದಿ ವಂಶದ ಕಥೆ ಜೋಡಿಸಿಕೊಡು ಅಂತ ನಿಮ್ಮನ್ನು ಕೇಳಿದ್ದಾರೆ. ಇದು ಆಗುವ ಕೆಲಸವೇ, ಎಲ್ಲಿಂದ ಶುರು ಮಾಡಲಿ ಅಂತ ನೀವು ಕೇಳುತ್ತಿದ್ದೀರಿ.

ಖಂಡಿತ ಆಗುತ್ತದೆ. ನಾನಿರುವುದು ಲೀಡ್ಸ್‌ನಲ್ಲಿ. ಇಲ್ಲಿನ ಕುಟುಂಬ ಇತಿಹಾಸ ಸಂಘದವರು ಸಮಾಧಿ ಕಲ್ಲುಗಳ ಬರಹವನ್ನು ನಕಲು ಮಾಡಿ ಇಡುತ್ತಾರೆ. ಬಿಡುವಿದ್ದಾಗ ನಾನೂ ಅವರ ಜೊತೆ ಹೋಗುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತಾರೀಖಿಗೆ, ವಯಸ್ಸಿಗೆ ಕಲ್ಲನ್ನು ನೆಚ್ಚಿಕೊಳ್ಳಬೇಡಿ. ಅದಕ್ಕೆ ಬೇರೆ ದಾಖಲೆಗಳಿವೆ. ಯಾರು ಯಾರಿಗೆ ಏನಾಗಬೇಕು ಅನ್ನುವುದಕ್ಕೆ ಕಲ್ಲನ್ನು ಹಿಡಿಯಿರಿ. ಅದು ದಾಖಲೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಯಾಕೆ ಅಂದರೆ, ಇಂಗ್ಲೆಂಡಿನ ಚರ್ಚುಗಳು 1538ರಿಂದಲೇ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಅಂತ ಆಜ್ಞೆ ಆಯಿತು. ಎಲ್ಲ ಊರಿನ ಪುಸ್ತಕಗಳೂ ಅಷ್ಟು ಹಿಂದಿನಿಂದ ಉಳಿದಿಲ್ಲ, ಆದರೂ ನಮಗೆ ಹೊಟ್ಟೆಕಿಚ್ಚು ಬರುವಷ್ಟಿದೆ. 1813ರಿಂದ ಶವಸಂಸ್ಕಾರಕ್ಕೆ ಅಚ್ಚು ಹಾಕಿದ ಪುಸ್ತಕ ಬಂತು. ಅದರಲ್ಲಿ ಹೆಸರು, ಊರು, ಹೂಳಿದ ದಿನ, ವಯಸ್ಸು, ಪಾದ್ರಿಯ ಸಹಿ, ಅಷ್ಟೇ. ಯಾರ ಹೆಂಡತಿ, ಯಾರ ಮಗಳು ಅಂತ ಕೇಳುವ ಕಾಲಮ್ಮೇ ಇಲ್ಲ! ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಎಷ್ಟೋ ಕಡೆ ವಯಸ್ಸೂ ಇರುವುದಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ಕೈದು ಜನ ಇರುತ್ತಾರೆ, ಯಾವ ಮೇರಿ ಯಾರ ಮನೆಯವಳು ಅಂತ ಹೇಗೆ ಹೇಳುವುದು? ಕಲ್ಲು ಅದನ್ನು ಹೇಳುತ್ತದೆ. ಇಂಥವರ ಹೆಂಡತಿ, ಮೇಲೆ ಹೇಳಿದವರ ಮಗ, ಇವರ ಮೊಮ್ಮಗಳು. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆ ಮುಂದೆ ವಂಶಾವಳಿ ಹೇಳುತ್ತಾರಲ್ಲ, ಹೆಚ್ಚುಕಡಿಮೆ ಆ ಕೆಲಸವನ್ನು ಇಲ್ಲಿ ಕಲ್ಲು ಮಾಡುತ್ತದೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಬೇಕಾದರೆ ಲಂಡನ್ನಿನ ಹೈಗೇಟ್ ಸ್ಮಶಾನದ ಕಾರ್ಲ್ ಮಾರ್ಕ್ಸ್ ಸಮಾಧಿ ನೋಡಿ. ಆ ದೊಡ್ಡ ತಲೆಯ ಪ್ರತಿಮೆ 1956ರದ್ದು, ಜನ ಅದರ ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ಕೆಳಗಿನ ಹೆಸರುಗಳನ್ನು ಓದುವವರು ಕಮ್ಮಿ. ಮೊದಲಿಗೆ ಹೆಂಡತಿ ಜೆನ್ನಿ, ತೀರಿಕೊಂಡಿದ್ದು 1881ರಲ್ಲಿ. ಆಮೇಲೆ ಮಾರ್ಕ್ಸ್, 1883ರ ಮಾರ್ಚ್ 14. ಅದರ ಕೆಳಗೆ ಮೊಮ್ಮಗ ಹ್ಯಾರಿ, ಅದೇ ಮಾರ್ಚ್ 20. ತಾತ ಹೋದ ಆರೇ ದಿನಕ್ಕೆ ನಾಲ್ಕು ವರ್ಷದ ಮಗು. ನಂತರ ಹೆಲೆನಾ ಡೆಮುತ್, ಆ ಮನೆಯಲ್ಲಿ ಜೀವಮಾನವಿಡೀ ಕೆಲಸ ಮಾಡಿದ ಹೆಂಗಸು. ಕೊನೆಗೆ ಮಗಳು ಎಲಿನಾರ್. ಮನೆಕೆಲಸದವಳನ್ನು ಮನೆಯವರ ಜೊತೆಗೇ ಹೂಳಿದ್ದರು ಅನ್ನುವ ಒಂದು ಸಂಗತಿ ಸಾಕು, ಆ ಮನೆಯ ಬಗ್ಗೆ ಹತ್ತು ಪ್ರಶ್ನೆ ಹುಟ್ಟುತ್ತವೆ ಅಲ್ವಾ? ಅಜ್ಜಿಯ ಕಲ್ಲಿನಲ್ಲೂ ಹೊಂದಿಕೆಯಾಗದ ಹೆಸರೊಂದು ಕಂಡರೆ ಬಿಟ್ಟು ಮುಂದೆ ಹೋಗಬೇಡಿ. ಅಲ್ಲೇ ಕಥೆ ಇರುತ್ತದೆ. ಹೆಂಡತಿಯ ತಂಗಿಯೋ, ಮೊದಲ ಮದುವೆಯ ಮಗನೋ, ಸಾಕಿಕೊಂಡ ಹುಡುಗಿಯೋ ಆಗಿರಬಹುದು.

ಆದರೆ ಒಂದೇ ಕಲ್ಲಿನಲ್ಲಿದ್ದವರೆಲ್ಲ ನೆಂಟರು ಅಂದುಕೊಂಡರೆ ಕೆಟ್ಟಿರಿ. ಲೀಡ್ಸ್‌ನ ಬೆಕೆಟ್ ಸ್ಟ್ರೀಟ್ ಸ್ಮಶಾನ 1845ರದ್ದು. ಅಲ್ಲಿ 'ಗಿನಿ ಗ್ರೇವ್' ಅಂತ ಸಾಲು ಸಾಲು ಕಲ್ಲುಗಳಿವೆ. ಸ್ವಂತ ಸಮಾಧಿ ಕೊಳ್ಳಲು ದುಡ್ಡಿಲ್ಲದವರು ಒಂದು ಗಿನಿ, ಅಂದರೆ 21 ಶಿಲಿಂಗ್, ಕೊಟ್ಟರೆ ಎಲ್ಲರಿಗೂ ಸೇರಿದ ಗುಂಡಿಯಲ್ಲಿ ಜಾಗ, ಕಲ್ಲಿನ ಮೇಲೆ ಹೆಸರು. ಜಾಗ ಉಳಿಸಲು ಕಲ್ಲಿನ ಹಿಂದೆ ಮುಂದೆ ಎರಡೂ ಕಡೆ ಕೆತ್ತಿದ್ದಾರೆ. ಮೇಲಿನ ಹೆಸರಿಗೂ ಕೆಳಗಿನ ಹೆಸರಿಗೂ ಯಾವ ಸಂಬಂಧವೂ ಇಲ್ಲ, ಅದೇ ವಾರದಲ್ಲಿ ಸತ್ತರು ಅನ್ನುವುದನ್ನು ಬಿಟ್ಟರೆ. ಅಷ್ಟೂ ಇಲ್ಲದವರಿಗೆ ಕಲ್ಲೇ ಇಲ್ಲ. ಅಜ್ಜಿಯ ಮುತ್ತಜ್ಜನ ಕಲ್ಲು ಸಿಗದಿದ್ದರೆ ಅವರನ್ನು ಅಲ್ಲಿ ಹೂಳಿಲ್ಲ ಅಂತ ಅರ್ಥವಲ್ಲ.

ಇನ್ನು ಕಲ್ಲು ತಪ್ಪು ಹೇಳುವುದು. ನಿಮ್ಮ ಯಾರ್ಕ್‌ಷೈರ್‌ನದ್ದೇ ಉದಾಹರಣೆ ಇದೆ. ಕಾದಂಬರಿಗಾರ್ತಿ ಆ್ಯನ್ ಬ್ರಾಂಟೆ ಸ್ಕಾರ್ಬರೋದಲ್ಲಿ 1849ರ ಮೇ 28ಕ್ಕೆ ತೀರಿಕೊಂಡರು, ಅಲ್ಲೇ ಸೇಂಟ್ ಮೇರಿ ಚರ್ಚಿನ ಬಳಿ ಹೂಳಿದರು. ಕಲ್ಲಿನಲ್ಲಿ ವಯಸ್ಸು 28 ಅಂತಿದೆ. ಹುಟ್ಟಿದ್ದು 1820ರ ಜನವರಿ 17, ಲೆಕ್ಕ ಹಾಕಿ, 29 ಆಗಬೇಕು. ಅಕ್ಕ ಶಾರ್ಲೆಟ್ 1852ರಲ್ಲಿ ಅಲ್ಲಿಗೆ ಹೋಗಿ, ಕೆತ್ತನೆಯಲ್ಲಿ ತಪ್ಪುಗಳಿರುವುದನ್ನು ನೋಡಿ ತಿದ್ದಿಸಿದರು. ಆದರೂ ವಯಸ್ಸು ತಪ್ಪಾಗಿಯೇ ಉಳಿಯಿತು! ಬರೆಯುವುದೇ ಕಸುಬಾದ ಮನೆಯ ಗತಿ ಇದು. ಬಹಳ ಕಾಲದ ಮೇಲೆ ಬ್ರಾಂಟೆ ಸೊಸೈಟಿಯವರು ಹೊಸ ಫಲಕ ಹಾಕಿ ಸರಿ ಮಾಡಿದ್ದಾರೆ. ಆದರೆ ಅದೇ ಕಲ್ಲು ಇನ್ನೊಂದು ಉಪಕಾರ ಮಾಡಿದೆ ನೋಡಿ: ತಂದೆಯ ಹೆಸರು, ಅವರು ಹಾವರ್ತ್‌ನ ಪಾದ್ರಿ ಅಂತ ಬರೆದಿದೆ. ಬ್ರಾಂಟೆ ಯಾರು ಅಂತ ಗೊತ್ತಿಲ್ಲದವರಿಗೂ ಮುಂದೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ವಯಸ್ಸು ತಪ್ಪು, ಸಂಬಂಧ ಸರಿ.

ಹಾವರ್ತ್‌ಗೆ ಹೋಗಿಲ್ಲ ಅಂದರೆ ಒಮ್ಮೆ ಹೋಗಿ ಬನ್ನಿ. ಪಾದ್ರಿಯ ಮನೆಗೂ ಚರ್ಚಿಗೂ ನಡುವೆ ಒತ್ತೊತ್ತಾಗಿ ಕಲ್ಲುಗಳು, ಎಷ್ಟೋ ನೆಲಕ್ಕೇ ಹಾಸಿದ ಚಪ್ಪಡಿಗಳು. 1850ರಲ್ಲಿ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ ಅನ್ನುವ ಅಧಿಕಾರಿ (ಹೌದು, ಕಂಪ್ಯೂಟರ್ ಬ್ಯಾಬೇಜ್‌ರ ಮಗನೇ) ಊರಿನ ನೀರು, ಚರಂಡಿ ತನಿಖೆ ಮಾಡಿ ವರದಿ ಕೊಟ್ಟರು. ಸಾಯುವವರ ಸರಾಸರಿ ವಯಸ್ಸು 25.8. ನೂರಕ್ಕೆ 41ಕ್ಕಿಂತ ಜಾಸ್ತಿ ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಚಪ್ಪಡಿ ಹಾಸುವುದನ್ನು ನಿಲ್ಲಿಸಿ ಅಂತ ಅವರು ಹೇಳಿದ್ದರು, ಮಣ್ಣಿಗೆ ಗಾಳಿಯಾಡುವುದಿಲ್ಲ, ಗಿಡ ಬೆಳೆಯುವುದಿಲ್ಲ ಅಂತ. ಆ ಅಂಕಿ ತಲೆಯಲ್ಲಿಟ್ಟುಕೊಂಡು ಕಲ್ಲುಗಳನ್ನು ಓದಿ. ಒಂದೇ ಮನೆಯಲ್ಲಿ ಇಬ್ಬರು ಜಾನ್, ಮೂವರು ಮೇರಿ ಕಾಣಿಸಿದರೆ ಗೊಂದಲ ಬೇಡ. ಮೊದಲ ಮಗು ಹೋದರೆ ಮುಂದಿನ ಮಗುವಿಗೆ ಅದೇ ಹೆಸರಿಡುವುದು ಸಾಮಾನ್ಯವಾಗಿತ್ತು.

ಈಗ ಓದುವ ರೀತಿ. ಹೊಸಬರು ಹೆಸರು, ತಾರೀಖು ಬರೆದುಕೊಂಡು ಮುಂದಿನ ಕಲ್ಲಿಗೆ ಹೋಗುತ್ತಾರೆ. ಸ್ವಲ್ಪ ನಿಂತು ಕೆತ್ತನೆಯನ್ನೇ ನೋಡಿ. ಕಲ್ಲು ನಿಲ್ಲಿಸಿದ್ದು ಸಾಮಾನ್ಯವಾಗಿ ಮೊದಲ ಸಾವಿಗೆ. ಆಮೇಲೆ ಒಬ್ಬೊಬ್ಬರು ಹೋದ ಹಾಗೆ ಕೆಳಗೆ ಹೆಸರು ಸೇರಿಸುತ್ತಾರೆ. ಆಗ ಅಕ್ಷರದ ದಪ್ಪ ಬದಲಾಗಿರುತ್ತದೆ, ಅಂಕಿಯ ಬಾಗು ಬದಲಾಗಿರುತ್ತದೆ, ಕೆಳಗೆ ಬಂದಂತೆ ಜಾಗ ಸಾಲದೆ ಅಕ್ಷರ ಚಿಕ್ಕದಾಗುತ್ತದೆ. ಹೀಗಿದ್ದರೆ ಒಳ್ಳೆಯದು, ಪ್ರತಿ ಸಾವೂ ನಡೆದ ಹೊತ್ತಿಗೇ ಕೆತ್ತಿಸಿದ್ದಾರೆ ಅನ್ನಬಹುದು. ಬದಲಿಗೆ 1790, 1805, 1831, ಮೂರೂ ಒಂದೇ ಕೈಯ ಕೆತ್ತನೆ ಆಗಿದ್ದರೆ, ಕಲ್ಲು ನಿಂತಿದ್ದು 1831ರ ನಂತರ. ಹಳೆಯ ತಾರೀಖುಗಳನ್ನು ಯಾರೋ ನೆನಪಿನಿಂದ ಬರೆಸಿದ್ದಾರೆ. ಅವುಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಪೆನ್ನಿನಲ್ಲಿ ಬೇಡ.

ಕೆಲವು ಕಲ್ಲಿನಲ್ಲಿ ಗಂಡನ ಹೆಸರಿನ ಕೆಳಗೆ ಖಾಲಿ ಜಾಗ ಬಿಟ್ಟಿರುತ್ತಾರೆ, ಹೆಂಡತಿಗೆ ಅಂತ. ಅದು ತುಂಬಿಲ್ಲ ಅಂದರೆ ಆಕೆ ಮತ್ತೆ ಮದುವೆಯಾಗಿರಬಹುದು, ಊರು ಬಿಟ್ಟಿರಬಹುದು, ಅಥವಾ ಕೆತ್ತಿಸಲು ದುಡ್ಡಿರಲಿಲ್ಲ. ಮದುವೆ ಪುಸ್ತಕ ನೋಡಿ.

ಮಾತಿನ ಮೇಲೂ ಗಮನ ಇರಲಿ. 'ಇನ್ ದಿ 35ತ್ ಇಯರ್ ಆಫ್ ಹರ್ ಏಜ್' ಅಂತಿದ್ದರೆ ಆಕೆಗೆ 34 ತುಂಬಿ 35 ನಡೆಯುತ್ತಿತ್ತು. 'ರೆಲಿಕ್ಟ್ ಆಫ್' ಅಂದರೆ ವಿಧವೆ, ಅಂದರೆ ಗಂಡ ಮೊದಲೇ ಹೋಗಿದ್ದಾನೆ. 'ಇನ್ ಮೆಮೊರಿ ಆಫ್' ಅಂದ ಮಾತ್ರಕ್ಕೆ ಅಲ್ಲೇ ಹೂಳಿದ್ದಾರೆ ಅಂತಲ್ಲ. ಹಡಗಿನಲ್ಲಿ ಸತ್ತವರು, ಪರದೇಶದಲ್ಲಿ ಸತ್ತವರ ಹೆಸರೂ ಇರುತ್ತದೆ. ಇನ್ನು 1752ಕ್ಕಿಂತ ಹಿಂದೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಅದಕ್ಕೇ ಫೆಬ್ರವರಿ 1723/4 ಅಂತ ಎರಡು ವರ್ಷ ಕಾಣುತ್ತವೆ. ನಮ್ಮ ಲೆಕ್ಕಕ್ಕೆ ಅದು 1724.

ಅಕ್ಷರ ಮಾಸಿದ್ದರೆ ದಯವಿಟ್ಟು ಉಜ್ಜಬೇಡಿ. ತಂತಿ ಬ್ರಷ್, ಸೀಮೆಸುಣ್ಣ, ಮೈದಾ, ಶೇವಿಂಗ್ ಫೋಮ್ ಯಾವುದೂ ಬೇಡ. ಇಂಟರ್ನೆಟ್ಟಿನಲ್ಲಿ ಈ ಉಪಾಯಗಳೆಲ್ಲ ಸಿಗುತ್ತವೆ, ಕಲ್ಲು ಹಾಳಾಗುವುದೇ ಇದರಿಂದ. ಮೇಲೆ ಬೆಳೆದ ಕಲ್ಲುಹೂವನ್ನೂ ಕೀಳಬೇಡಿ. ಬೇಕಾಗಿರುವುದು ಓರೆಯಾಗಿ ಬೀಳುವ ಬೆಳಕು. ಇಲ್ಲಿನ ಹಳೇ ಸಮಾಧಿಗಳು ಸಾಮಾನ್ಯವಾಗಿ ಪೂರ್ವ ಪಶ್ಚಿಮವಾಗಿರುತ್ತವೆ. ಹಾಗಾಗಿ ಸೂರ್ಯ ದಕ್ಷಿಣದಲ್ಲಿರುವ ನಡುಮಧ್ಯಾಹ್ನದ ಹೊತ್ತಿಗೆ ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಹೋಗುತ್ತದೆ. ಬೆಳಿಗ್ಗೆ ಸಪಾಟಾಗಿ ಕಂಡ ಕಲ್ಲಿನ ಮೇಲೆ ಆಗ ಸಾಲಿಗೆ ಸಾಲು ಎದ್ದು ಕಾಣುತ್ತದೆ. ಮೋಡ ಇದ್ದರೆ (ಯಾರ್ಕ್‌ಷೈರ್ ಅಲ್ವಾ, ಇದ್ದೇ ಇರುತ್ತದೆ) ಒಂದು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಫೋಟೋ ತೆಗೆಯಿರಿ. ಸೀಸದ ಅಕ್ಷರ ಉದುರಿಹೋಗಿದ್ದರೆ ಅದನ್ನು ಕೂರಿಸಿದ್ದ ಸಣ್ಣ ತೂತುಗಳಿಂದಲೇ ಅಕ್ಷರ ಊಹಿಸಬಹುದು. ಹಿಂದುಗಡೆಯೂ ನೋಡಿ. ಕಾಲಿನ ಕಡೆ ಚಿಕ್ಕ ಕಲ್ಲಿದ್ದರೆ ಅದರಲ್ಲಿ ಹೆಸರಿನ ಮೊದಲಕ್ಷರಗಳು ಇರುತ್ತವೆ. ಅಕ್ಕಪಕ್ಕದ ಕಲ್ಲುಗಳ ಫೋಟೋ ಸಹ ತೆಗೆಯಿರಿ, ಹೆಂಡತಿಯ ತವರಿನವರು ಪಕ್ಕದಲ್ಲೇ ಇರುವುದುಂಟು. ವಾಲಿದ ಕಲ್ಲಿಗೆ ಮಾತ್ರ ಒರಗಬೇಡಿ.

ಇಷ್ಟಕ್ಕೂ ಮೊದಲು, ಯಾರಾದರೂ ಆಗಲೇ ನಕಲು ಮಾಡಿದ್ದಾರಾ ವಿಚಾರಿಸಿ. ಇಲ್ಲಿನವರು ಇದನ್ನು 'ಎಂ.ಐ.' ಅನ್ನುತ್ತಾರೆ, ಮಾನ್ಯುಮೆಂಟಲ್ ಇನ್‌ಸ್ಕ್ರಿಪ್ಷನ್, ಅಂದರೆ ಸಮಾಧಿ ಕಲ್ಲಿನ ಬರಹ. ನಿಮ್ಮ ಕಡೆಯ ಕುಟುಂಬ ಇತಿಹಾಸ ಸಂಘಕ್ಕೆ ಒಂದು ಇಮೇಲ್ ಹಾಕಿದರೆ ಹೇಳುತ್ತಾರೆ. ಇವತ್ತು ಮಣ್ಣುಪಾಲಾದ ಕಲ್ಲನ್ನು ಹಿಂದೆ ಯಾರೋ ಓದಿ ಬರೆದಿಟ್ಟಿರುವುದು ಎಷ್ಟೋ ಸಲ ಉಂಟು. ಫೈಂಡ್ ಎ ಗ್ರೇವ್ ತರದ ಜಾಲತಾಣಗಳೂ ಇವೆ. ಅಲ್ಲಿ ಫೋಟೋವನ್ನು ನೀವೇ ಓದಿ, ಕೆಳಗೆ ಟೈಪ್ ಮಾಡಿದ್ದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ.

ಕಲ್ಲಿನಿಂದ ಸಂಬಂಧ ಸಿಕ್ಕಮೇಲೆ ದಾಖಲೆಗೆ ಬನ್ನಿ. 1837ರ ಜುಲೈನಿಂದ ಸರಕಾರಿ ಜನನ ಮರಣ ನೋಂದಣಿ ಇದೆ. ಫ್ರೀಬಿಎಂಡಿ ಅನ್ನುವ ಜಾಲತಾಣದಲ್ಲಿ ಅದರ ಸೂಚಿಯನ್ನು ದುಡ್ಡಿಲ್ಲದೆ ಹುಡುಕಬಹುದು. ಜನಗಣತಿಯಲ್ಲಿ 1841ರದ್ದು ಅಷ್ಟಕ್ಕಷ್ಟೇ, ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 1851ರಿಂದ ಮನೆ ಯಜಮಾನನಿಗೆ ಏನಾಗಬೇಕು, ಹುಟ್ಟಿದ ಊರು ಯಾವುದು ಎಲ್ಲ ಸಿಗುತ್ತದೆ. ನನಗೆ ಅತಿ ಇಷ್ಟ 1911ರದ್ದು. ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು, ಎಷ್ಟು ಹೋದವು ಅಂತ ಕೇಳಿದ್ದಾರೆ. ಕಲ್ಲಿನಲ್ಲಿ ಮೂರು ಮಕ್ಕಳು, ಅಲ್ಲಿ ಐದು ಸತ್ತಿವೆ ಅಂತಿದ್ದರೆ ಇನ್ನಿಬ್ಬರನ್ನು ಹುಡುಕಬೇಕು. 1858ಕ್ಕಿಂತ ಹಿಂದಿನ ಉಯಿಲುಗಳಾದರೆ, ಯಾರ್ಕ್‌ಷೈರ್‌ನ ಬಹುಪಾಲು ಯಾರ್ಕ್ ವಿಶ್ವವಿದ್ಯಾಲಯದ ಬೋರ್ತ್‌ವಿಕ್ ಸಂಸ್ಥೆಯಲ್ಲಿವೆ.

ಕೊನೆಯದಾಗಿ, ನಿಮಗೆ ಖುಷಿ ಕೊಡಬಹುದಾದ ವಿಷಯ. ಇಲ್ಲಿನ ಕಲ್ಲುಗಳಲ್ಲಿ ಇಂಡಿಯಾದಲ್ಲಿ ಸತ್ತ ಮಗನ, ಅಣ್ಣನ ಹೆಸರು ಆಗಾಗ ಸಿಗುತ್ತದೆ. ಅಂಥದ್ದು ಸಿಕ್ಕರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಹುಡುಕಬೇಕು. ಬೆಂಗಳೂರು ದಂಡು, ಬಳ್ಳಾರಿ ಆದರೆ ಮದ್ರಾಸ್ ಪ್ರಾಂತ್ಯದ ದಾಖಲೆಗಳ ಸಾಲು, ಅದಕ್ಕೆ ಎನ್/2 ಅನ್ನುತ್ತಾರೆ. ಬೆಳಗಾವಿ, ಧಾರವಾಡ ಆದರೆ ಮುಂಬಯಿಯ ಎನ್/3. ಫಿಬಿಸ್ ಅನ್ನುವ ಸಂಘದ ಜಾಲತಾಣದಲ್ಲಿ ದುಡ್ಡಿಲ್ಲದೆ ಹೆಸರು ಹುಡುಕಬಹುದು. 1976ರಲ್ಲಿ ಶುರುವಾದ ಬ್ಯಾಕ್ಸಾ ಸಂಘದವರು ನಮ್ಮ ಕಡೆಯ ಹಳೇ ಯುರೋಪಿಯನ್ ಸ್ಮಶಾನಗಳ ದಾಖಲೆ ಕೂಡಿಸಿಟ್ಟಿದ್ದಾರೆ. ಅಲ್ಲಿ ಕಲ್ಲು ಉಳಿದಿದೆ ಅಂತ ಗೊತ್ತಾದರೆ, ಊರಲ್ಲಿರುವ ನಿಮ್ಮವರನ್ನು ಕಳಿಸಿ ಅಜ್ಜಿಗೆ ಒಂದು ಫೋಟೋ ತರಿಸಿಕೊಡಬಹುದು.

ಈ ವಾರ ಮಾಡಬೇಕಾದ ಕೆಲಸ ಒಂದೇ. ಸ್ಮಶಾನಕ್ಕೆ ಹೋಗುವ ಮೊದಲು ಅಜ್ಜಿಯ ಹತ್ತಿರ ಕೂತು ಅವರಿಗೆ ನೆನಪಿರುವ ಹೆಸರುಗಳನ್ನೆಲ್ಲ ಬರೆದುಕೊಳ್ಳಿ, ತವರಿನ ಅಡ್ಡಹೆಸರು ಸೇರಿಸಿ. ಅಡ್ಡಹೆಸರಿನ ಕಾಗುಣಿತ ಬೇರೆ ಬೇರೆ ಇರಬಹುದು, ಶಾರ್ಲೆಟ್ ಅವರ ಅಪ್ಪನೇ ಐರ್ಲೆಂಡಿನಲ್ಲಿ ಹುಟ್ಟಿದಾಗ ಬ್ರಾಂಟೆ ಅಲ್ಲ, ಬ್ರಂಟಿ. ಮನೆಯಲ್ಲಿ ಹಳೇ ಬೈಬಲ್ ಇದೆಯಾ ಅಂತಲೂ ಕೇಳಿ, ಮೊದಲ ಹಾಳೆಯಲ್ಲಿ ಹುಟ್ಟು ಸಾವು ಬರೆದಿಡುವ ಪದ್ಧತಿ ಇತ್ತು. ಓದಲು ಆಗದ ಕಲ್ಲು ಇದ್ದರೆ ಫೋಟೋ ಇಲ್ಲೇ ಕಾಮೆಂಟಿನಲ್ಲಿ ಹಾಕಿ, ನೋಡೋಣ.