ಮಾವನವರ ಸಾವಿನ ಭಯ ಹೋದ ಬಗ್ಗೆ ಕೇಳಿದ್ದಿರಲ್ಲ, ಅದಕ್ಕೆ

ಹಾರ್ಟ್ ಅಟ್ಯಾಕ್ ಆದಮೇಲೆ ನಿಮ್ಮ ಮಾವ 'ಬೆಳಕು ನೋಡಿದೆ, ಇನ್ನು ಸಾಯೋಕೆ ಭಯ ಇಲ್ಲ' ಅಂತಾರೆ, ತಲೆಗೆ ಏನಾದರೂ ಆಗಿದೆಯಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಹಾಗೆ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಡಾಕ್ಟರ್ ಪಿಮ್ ವಾನ್ ಲೊಮ್ಮೆಲ್ ಮತ್ತು ಸಂಗಡಿಗರು ಹೃದಯ ನಿಂತು ಮತ್ತೆ ಬದುಕಿದ 344 ಜನರನ್ನು ಮಾತಾಡಿಸಿದ್ದರು, 2001ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 62 ಜನ ಇಂಥದ್ದೇನೋ ಹೇಳಿದರು. ಎಂಟು ವರ್ಷ ಬಿಟ್ಟು ಕೇಳಿದಾಗಲೂ, ಏನೂ ಕಾಣದವರಿಗಿಂತ ಇವರಿಗೆ ಸಾವಿನ ಭಯ ಕಡಿಮೆ. ಆ ಬೆಳಕು ಏನು ಅನ್ನೋದು ಬೇರೆ ಜಗಳ, ಬಿಡಿ.

ನಮ್ಮ ದೊಡ್ಡಪ್ಪನದೂ ಇದೇ ಕತೆ. ಡೊಂಬಿವಲಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು, ಗಲ್ಲಾದಲ್ಲಿ ಹತ್ತು ರೂಪಾಯಿ ಕಮ್ಮಿ ಬಂದರೆ ರಾತ್ರಿ ನಿದ್ದೆ ಇಲ್ಲ. ಐಸಿಯುನಿಂದ ಬಂದಮೇಲೆ ಗ್ಯಾಲರಿಯಲ್ಲಿ ಕೂತು ಚಹಾ ಆರಿಸುತ್ತಾ, 'ಅಮ್ಮ ನಿಂತಿದ್ದಳು ಮಾರಾಯ, ಕೆಂಪು ಸೀರೆ, ಈಗ್ಲೇ ಯಾಕೆ ಬಂದೆ ಅಂತ ಬೈದಳು' ಅಂದರು. ನಗುತ್ತಲೇ. ಕಷ್ಟ ಆದದ್ದು ದೊಡ್ಡಮ್ಮನಿಗೆ, ಯಾಕಂದರೆ ಮಾತ್ರೆ ಡಬ್ಬಿಯಲ್ಲಿ ಮಂಗಳವಾರದ ಮಾತ್ರೆ ಶುಕ್ರವಾರವೂ ಅಲ್ಲೇ ಇರುತ್ತಿತ್ತು!

ನೀವೂ ಅದೊಂದನ್ನು ನೋಡಿಕೊಳ್ಳಿ. ಹೇಳುವಾಗ ಸುಮ್ನೆ ಕೇಳಿಸಿಕೊಳ್ಳಿ, ಡಾಕ್ಟರಿಗೂ ಹೇಳಿ. ನಾವು ಅವಲಕ್ಕಿ ತಟ್ಟೆಯ ಪಕ್ಕ ಮಾತ್ರೆ ಇಟ್ಟು, ನುಂಗುವವರೆಗೂ ಎದುರು ಕೂರುತ್ತಿದ್ದೆವು.