ಇನ್ನೂ ಮಾಡದ ತಪ್ಪಿಗೆ ಬೀಗ

ನಮಸ್ಕಾರ ಮೇಡಂ,

ಕಳೆದ ಸಂಚಿಕೆಯ ಒಂದು ಸಣ್ಣ ಟಿಪ್ಪಣಿ ನಿಮಗೆ ಸಿಟ್ಟು ತರಿಸಿದೆ. ಲೈಂಗಿಕ ಅಪರಾಧದಂಥ ತಪ್ಪಿಗೆ ಶಿಕ್ಷೆ ಪೂರ್ತಿ ಅನುಭವಿಸಿದವರನ್ನೂ, 'ಇವರು ಮತ್ತೆ ಮಾಡಬಹುದು' ಎಂದು ಕೋರ್ಟ್ ಆದೇಶದ ಮೇಲೆ ಒಳಗೇ ಇಡುವ ಕಾನೂನು ಕೆಲವು ಕಡೆ ಇದೆ, ಅದು ನಮಗೆ ಇರುಸುಮುರುಸು ತರುತ್ತದೆ ಎಂದು ಬರೆದಿದ್ದೆವು. "ನನಗೆ ಇಬ್ಬರು ಹೆಣ್ಣುಮಕ್ಕಳು. ನಾಯಿ ಬಾಲ ಯಾವತ್ತಿದ್ದರೂ ಡೊಂಕೇ. ಇಂಥವರನ್ನು ಬಿಡಲೇಬಾರದು" ಎಂದು ನೀವು ಬರೆದಿದ್ದೀರಿ. ಕೊನೆಗೆ, "ಅಂಥವನು ನಿಮ್ಮ ಪಕ್ಕದ ಮನೆಗೆ ಬಂದರೆ?" ಎಂದೂ ಕೇಳಿದ್ದೀರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸಲು ನನಗೆ ಇಷ್ಟವಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಬಿಡುಗಡೆಯಾದ ಮೇಲೆ ಮತ್ತೆ ಅದೇ ಕೆಲಸಕ್ಕೆ ಇಳಿದವರು ಇದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2003ರಲ್ಲಿ ಲೈಂಗಿಕ ಅಪರಾಧಿಗಳಿಗೆಂದೇ ಇಂಥ ಕಾನೂನು ತಂದಿತು. ಶಿಕ್ಷೆಯ ಕೊನೆಯ ಆರು ತಿಂಗಳಲ್ಲಿ ಅಟಾರ್ನಿ ಜನರಲ್ ಕೋರ್ಟಿಗೆ ಹೋಗುತ್ತಾರೆ. ಇಬ್ಬರು ಮನೋವೈದ್ಯರು ವರದಿ ಕೊಡುತ್ತಾರೆ. ಅಪಾಯ ಇದೆ ಎಂದು ತೋರಿಸುವ ಹೊಣೆ ಸರ್ಕಾರದ್ದು. ಒಪ್ಪಿಗೆಯಾದರೆ ಜಡ್ಜ್ ಅವನನ್ನು ಒಳಗೇ ಇಡಬಹುದು, ಇಲ್ಲವೇ ಷರತ್ತು ಹಾಕಿ ನಿಗಾದಲ್ಲಿ ಹೊರಗೆ ಬಿಡಬಹುದು. ಒಳಗಿಟ್ಟರೆ ಕಾಲಕಾಲಕ್ಕೆ ಮತ್ತೆ ನೋಡಬೇಕು. ಆ ದೇಶದ ಹೈಕೋರ್ಟ್, ಅಂದರೆ ಅಲ್ಲಿನ ಅತಿ ದೊಡ್ಡ ಕೋರ್ಟ್, 2004ರಲ್ಲಿ ಇದನ್ನು ಎತ್ತಿಹಿಡಿಯಿತು. ಆದರೆ 2010ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಇದು ಹೊಸ ತಪ್ಪು ಸಾಬೀತಾಗದೆಯೇ ಮತ್ತೆ ಜೈಲು ಹಾಕಿದಂತೆ ಎಂದು ಹೇಳಿತು.

ನನ್ನ ತಕರಾರು ಇರುವುದು 'ಅಪಾಯ' ಎಂಬ ಮಾತನ್ನು ಅಳೆಯುವ ಕೋಲಿನ ಬಗ್ಗೆ. ಸ್ಟಾಟಿಕ್-99 ಎಂಬ ಒಂದು ಫಾರ್ಮ್ ಇದೆ, ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಇರುವುದು ಹತ್ತೇ ಅಂಶ. ವಯಸ್ಸೆಷ್ಟು, ಹಿಂದೆ ಎಷ್ಟು ಸಲ ಕೇಸಾಗಿತ್ತು, ನೊಂದವರು ಗುರುತಿನವರೋ ಅಪರಿಚಿತರೋ, ಸಂಗಾತಿಯ ಜೊತೆ ಎರಡು ವರ್ಷ ಬಾಳಿದ್ದಾನೋ ಇಲ್ಲವೋ, ಹೀಗೆ. ಹೆಚ್ಚುಕಡಿಮೆ ಎಲ್ಲವೂ ಹಳೇ ಕಥೆಯೇ. ಒಳಗಿದ್ದು ಹತ್ತು ವರ್ಷ ಚಿಕಿತ್ಸೆ ತೆಗೆದುಕೊಂಡರೂ ಈ ಫಾರ್ಮಿನ ಅಂಕ ಅದಕ್ಕಾಗಿ ಇಳಿಯುವುದಿಲ್ಲ, ವಯಸ್ಸಾದರೆ ಇಳಿಯುತ್ತದೆ ಅಷ್ಟೇ! ವೈದ್ಯರು ಇದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ, ಅದು ನಿಜ. ಆದರೂ ಕೋರ್ಟಿನಲ್ಲಿ ಅಂಕಿಗೆ ಇರುವ ತೂಕವೇ ಬೇರೆ, ಅಲ್ವಾ?

ಲೆಕ್ಕಕ್ಕೆ ಅಂತ ಒಂದು ಉದಾಹರಣೆ ತೆಗೆದುಕೊಳ್ಳಿ. ಸಾವಿರ ಜನ ಬಿಡುಗಡೆಯ ಹೊಸ್ತಿಲಲ್ಲಿದ್ದಾರೆ. ಅವರಲ್ಲಿ ನೂರು ಜನ ಮತ್ತೆ ತಪ್ಪು ಮಾಡುವವರು. ನಮ್ಮ ಪರೀಕ್ಷೆ ನೂರಕ್ಕೆ 80 ಸಲ ಸರಿಯಾಗಿ ಹೇಳುತ್ತದೆ ಅನ್ನೋಣ. ಆಗ ಮಾಡುವ ನೂರರಲ್ಲಿ 80 ಜನ ಸಿಕ್ಕಿಬೀಳುತ್ತಾರೆ. ಉಳಿದ 900ರಲ್ಲಿ 180 ಜನರಿಗೂ 'ಅಪಾಯ' ಎಂಬ ಮುದ್ರೆ ಬೀಳುತ್ತದೆ. ಅಂದರೆ ಒಳಗೆ ಉಳಿಯುವ 260 ಜನರಲ್ಲಿ 180 ಜನ ಏನೂ ಮಾಡದೆ ಇರುತ್ತಿದ್ದವರು. ಇನ್ನು 20 ಜನ ಕಣ್ತಪ್ಪಿಸಿ ಹೊರಗೆ ಹೋಗಿರುತ್ತಾರೆ. ಆ 180 ಜನರಿಗೆ ತಾವು ಮಾಡುತ್ತಿರಲಿಲ್ಲ ಎಂದು ತೋರಿಸುವ ದಾರಿಯೇ ಇಲ್ಲ. ಹೊರಗೆ ಬಂದರೆ ತಾನೇ ತೋರಿಸುವುದು?

ಅಮೆರಿಕದ ಮಿನ್ನೆಸೋಟದಲ್ಲಿ ಇದು ಎಲ್ಲಿಗೆ ಮುಟ್ಟಿತು ನೋಡಿ. ಅಲ್ಲಿ ಇದಕ್ಕೆ ಇಟ್ಟ ಹೆಸರು 'ಚಿಕಿತ್ಸೆ'. 1994ರಲ್ಲಿ ಶುರುವಾಯಿತು. 2015ರಲ್ಲಿ ಫೆಡರಲ್ (ಕೇಂದ್ರ) ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಒಳಗೆ 700ಕ್ಕೂ ಜಾಸ್ತಿ ಜನ ಇದ್ದರು. ಅಲ್ಲಿಯವರೆಗೆ ಒಬ್ಬನೇ ಒಬ್ಬನೂ ಪೂರ್ತಿ ಬಿಡುಗಡೆಯಾಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಬ್ಬರೂ ವಾಸಿಯಾಗಿ ಮನೆಗೆ ಹೋಗದ ಆಸ್ಪತ್ರೆಯನ್ನು ನಾವು ಏನೆಂದು ಕರೆಯುತ್ತೇವೆ, ಹೇಳಿ. ಆ ಫೆಡರಲ್ ಕೋರ್ಟಿನ ಜಡ್ಜ್ ಇದು ಸಂವಿಧಾನಕ್ಕೆ ವಿರುದ್ಧ ಎಂದರು. ಮೇಲಿನ ಕೋರ್ಟ್ 2017ರಲ್ಲಿ ಆ ತೀರ್ಪನ್ನು ತಿರುಗಿಸಿತು.

ಜರ್ಮನಿಯದು ಇನ್ನೊಂದು ಬಗೆ. ಅಲ್ಲಿ ಒಬ್ಬನನ್ನು ಶಿಕ್ಷೆಯ ನಂತರ ಹೆಚ್ಚೆಂದರೆ ಹತ್ತು ವರ್ಷ ಒಳಗಿಡಬಹುದು ಎಂಬ ಮಿತಿ ಇತ್ತು. ಅವನು ಒಳಗಿರುವಾಗಲೇ, 1998ರಲ್ಲಿ, ಕಾನೂನು ಬದಲಾಗಿ ಆ ಮಿತಿಯೇ ಹಾರಿಹೋಯಿತು. ಆಟದ ನಡುವೆ ನಿಯಮ ಬದಲಾಯಿಸಿದ ಹಾಗೆ. ಯುರೋಪಿನ ಮಾನವ ಹಕ್ಕುಗಳ ಕೋರ್ಟ್ 2009ರಲ್ಲಿ ಇದು ತಪ್ಪು ಎಂದಿತು. 2011ರಲ್ಲಿ ಜರ್ಮನಿಯ ಸಂವಿಧಾನ ಕೋರ್ಟ್, ಇವರು ಶಿಕ್ಷೆ ಅನುಭವಿಸುತ್ತಿರುವ ಕೈದಿಗಳಲ್ಲ, ಇವರ ಬದುಕು ಜೈಲಿನಿಂದ ದೂರ ಇರಬೇಕು ಎಂದು ಹೇಳಿತು. ಅದಾದ ಮೇಲೆ ದೊಡ್ಡ ಕೋಣೆ, ಸ್ವಂತ ಬಟ್ಟೆ, ಒಬ್ಬೊಬ್ಬರಿಗೂ ತಕ್ಕ ಚಿಕಿತ್ಸೆ ಬಂತು. "ಅಂಥವರಿಗೆ ಇಷ್ಟೆಲ್ಲಾ ಉಪಚಾರ ಯಾಕೆ?" ಎಂದು ನೀವು ಕೇಳುತ್ತೀರಿ, ಗೊತ್ತು. ಅವರು ಕೊಡಬೇಕಾದ ಲೆಕ್ಕ ಮುಗಿದಿದೆ ಮೇಡಂ. ಈಗ ಅವರನ್ನು ಹಿಡಿದಿಟ್ಟಿರುವುದು ನಮ್ಮ ನೆಮ್ಮದಿಗಾಗಿ. ಅದರ ಖರ್ಚು ನಮ್ಮದೇ.

ಹಾಗಾದರೆ ನಾನು ಯಾರನ್ನೂ ಹಿಡಿದಿಡಬಾರದು ಅನ್ನುತ್ತೇನಾ? ಇಲ್ಲ. ಬೇರೆ ಯಾವ ದಾರಿಯೂ ಇಲ್ಲದ ಕೆಲವರು ಇರಬಹುದು. ಆದರೆ ಮೊದಲು ನಿಗಾ, ಅದು ಸಾಲದಿದ್ದರೆ ಮಾತ್ರ ಬೀಗ. ಚಿಕಿತ್ಸೆ ಶಿಕ್ಷೆಯ ಮೊದಲ ವರ್ಷದಿಂದಲೇ ಶುರುವಾಗಬೇಕು, ಕೊನೆಯ ಆರು ತಿಂಗಳಲ್ಲಿ ಅಲ್ಲ. ಎಷ್ಟೋ ಕಡೆ ಚಿಕಿತ್ಸೆಯ ಸರದಿ ಬರುವ ಮೊದಲೇ ಶಿಕ್ಷೆ ಮುಗಿದಿರುತ್ತದೆ. ಆಮೇಲೆ 'ಇವನು ಚಿಕಿತ್ಸೆ ಪಡೆದಿಲ್ಲ, ಅಪಾಯ' ಅಂದರೆ ಹೇಗೆ?

ಇನ್ನು ಪಕ್ಕದ ಮನೆ. ಸುಳ್ಳು ಹೇಳುವುದಿಲ್ಲ, ಮೊದಲ ರಾತ್ರಿ ನಾನೂ ಎದ್ದು ಹೋಗಿ ಚಿಲಕ ನೋಡುತ್ತೇನೆ. ಮಕ್ಕಳನ್ನು ಹೊರಗೆ ಆಡಲು ಬಿಡುವ ಮುಂಚೆ ಎರಡು ಸಲ ಯೋಚಿಸುತ್ತೇನೆ. ನಿಗಾದಲ್ಲಿ ಬಿಟ್ಟಿರುವುದರಿಂದ ಅವನ ಕಾಲಿಗೆ, ಎಲ್ಲಿದ್ದಾನೆಂದು ತಿಳಿಸುವ ಟ್ರ್ಯಾಕರ್ ಪಟ್ಟಿ ಇರುತ್ತದೆ. ಅದನ್ನು ದಿನಾ ಚಾರ್ಜ್ ಮಾಡಬೇಕು. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿಕೊಂಡು, ಕಾಲು ಚಾಚಿ ಕೂತಿರುತ್ತಾನೆ. ಅವನನ್ನು ನೋಡಿಕೊಳ್ಳುವ ಅಧಿಕಾರಿಯ ಕೈಯಲ್ಲಿ ಇನ್ನೂ ಎಷ್ಟು ಜನ ಇದ್ದಾರೆ, ರಾತ್ರಿ ಎರಡು ಗಂಟೆಗೆ ಆ ಬ್ಯಾಟರಿ ಸತ್ತರೆ ಫೋನ್ ಎತ್ತುವವರು ಯಾರು? ಮಾರನೇ ದಿನ ಬೆಳಿಗ್ಗೆ ನಾನು ಹೋಗಿ ಕೇಳುವುದು ಇದನ್ನೇ.

— ಸಂಪಾದಕ